ಶರಣು ಬಂದವನ ದೇವರನ್ನೂ ಬರೆದಿಟ್ಟ ಊರು

ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದಿದವರಿಗೂ ಕೆಎಎಸ್, ಐಎಎಸ್ ಎಂದು ಪರೀಕ್ಷೆಗೆ ಕೂತವರಿಗೂ ‘ಬೊಘಜ್‌ಕೊಯ್ ಶಾಸನ’ ಗೊತ್ತಿರುವ ಹೆಸರು. ವೇದಕಾಲದ ಪಾಠದಲ್ಲಿ ಅದಕ್ಕೆ ಸಿಗುವುದು ಒಂದೇ ಸಾಲು. ಏಷ್ಯಾ ಮೈನರ್‌ನಲ್ಲಿ ಸಿಕ್ಕ ಕ್ರಿ.ಪೂ. 14ನೇ ಶತಮಾನದ ಬರಹವೊಂದರಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರುಗಳಿವೆ ಎಂಬಲ್ಲಿಗೆ ಆ ಸಾಲು ಮುಗಿಯುತ್ತದೆ. ಬೊಘಜ್‌ಕೊಯ್ ಎಂಬುದು ಊರೋ ಗುಡ್ಡವೋ, ಆ ಹೆಸರುಗಳನ್ನು ಅಲ್ಲಿ ಯಾರು ಬರೆದರು, ಯಾಕೆ ಬರೆದರು ಎಂದು ಪಾಠ ಹೇಳುವುದಿಲ್ಲ. ಪರೀಕ್ಷೆಯಲ್ಲಿ ಕೇಳುವುದೂ ಇಲ್ಲ.

ಅದು ಊರೇ. ಈಗಿನ ಹೆಸರು ಬೊವಾಜ್‌ಕಲೆ. ಟರ್ಕಿಯ ರಾಜಧಾನಿ ಅಂಕಾರಾದಿಂದ ಪೂರ್ವಕ್ಕೆ ಸುಮಾರು 200 ಕಿಲೋಮೀಟರ್ ದೂರ, ಚೋರುಮ್ ಪ್ರಾಂತ್ಯದ ಒಂದು ಮೂಲೆ. ಅಂಕಾರಾದಲ್ಲಿ ಬಸ್ ಹತ್ತಿ ಸುಂಗುರ್ಲು ಎಂಬ ಪೇಟೆಯಲ್ಲಿ ಇಳಿದರೆ, ಅಲ್ಲಿಂದ 30 ಕಿಲೋಮೀಟರ್ ಟ್ಯಾಕ್ಸಿಯಲ್ಲೋ ‘ದೊಲ್ಮುಶ್’ ಎಂದು ಕರೆಯುವ ವ್ಯಾನಿನಲ್ಲೋ ಹೋಗಬೇಕು. ದೊಲ್ಮುಶ್ ಹೊರಡುವುದು ಸೀಟು ತುಂಬಿದ ಮೇಲೆಯೇ. ದಾರಿಯುದ್ದಕ್ಕೂ ಗೋಧಿ ಹೊಲಗಳು. ಮರ ಕಡಿಮೆ, ಆಕಾಶ ಜಾಸ್ತಿ. ಊರಿಗೆ ಬಂದಿಳಿದರೆ ಒಂದು ಚೌಕ, ಒಂದು ಮಸೀದಿ, ಬ್ರೆಡ್ ಸುಡುವ ಒಲೆ, ಗಂಡಸರು ಕೂತು ಚಹಾ ಕುಡಿಯುವ ಅಂಗಡಿ, ಚಿಕ್ಕದೊಂದು ವಸ್ತುಸಂಗ್ರಹಾಲಯ, ಬೆರಳೆಣಿಕೆಯ ವಸತಿಗೃಹಗಳು. ಒಂದೆರಡು ಸಾವಿರ ಜನ ಇರುವ ಜಾಗ. ಆದರೆ ಊರ ಕೊನೆಯ ಮನೆ ದಾಟಿದ ಕೂಡಲೇ ಎದುರಿನ ಗುಡ್ಡದ ಇಳಿಜಾರಿನಲ್ಲಿ ಹತ್ತುಶ ನಗರದ ಅವಶೇಷ ಶುರುವಾಗುತ್ತದೆ. ಸುಮಾರು 180 ಹೆಕ್ಟೇರ್ ಹರಡಿಕೊಂಡಿರುವ ಇದು ಈಜಿಪ್ಟಿನ ಫೇರೋಗಳಿಗೆ ಸರಿಸಮನಾಗಿ ನಿಂತ ಹಿಟೈಟ್ ಸಾಮ್ರಾಜ್ಯದ ರಾಜಧಾನಿ.

ಈ ಜಾಗಕ್ಕೆ ಮೊದಲೇ ಒಂದು ಶಾಪ ತಟ್ಟಿತ್ತು. ಕ್ರಿ.ಪೂ. 18ನೇ ಶತಮಾನದ ಆಸುಪಾಸಿನಲ್ಲಿ ಅನಿತ್ತ ಎಂಬ ರಾಜ ರಾತ್ರಿಯ ದಾಳಿಯಲ್ಲಿ ಊರನ್ನು ಗೆದ್ದು, ಸುಟ್ಟು, ನೆಲದಲ್ಲಿ ಕಳೆ ಬಿತ್ತಿಸಿ, ಮುಂದೆ ಇಲ್ಲಿ ಯಾವ ರಾಜ ನೆಲೆಸಿದರೂ ಸಿಡಿಲ ದೇವರು ಅವನನ್ನು ಹೊಡೆಯಲಿ ಎಂದು ಶಪಿಸಿದ. ಆ ಶಾಪ ಬರಹದಲ್ಲೇ ಉಳಿದಿದೆ. ಕೆಲವು ತಲೆಮಾರು ಕಳೆದ ಮೇಲೆ ಹಿಟೈಟ್ ರಾಜನೊಬ್ಬ ಇಲ್ಲೇ ಬಂದು ನೆಲೆಸಿದ್ದಷ್ಟೇ ಅಲ್ಲ, ಊರಿನ ಹೆಸರಿನಿಂದಲೇ ಹತ್ತುಶಿಲಿ ಎಂದು ಕರೆಸಿಕೊಂಡ. ಶಾಪ ಹಾಕಿದ ಅನಿತ್ತನ ಬರಹವನ್ನು ಹತ್ತುಶದ ಲಿಪಿಕಾರರು ನಾಶ ಮಾಡಲಿಲ್ಲ. ಶತಮಾನಗಳ ಕಾಲ ನಕಲು ಮಾಡುತ್ತ ಜೋಪಾನವಾಗಿ ಇಟ್ಟುಕೊಂಡರು. ಈ ಜನರ ಸ್ವಭಾವ ನನಗೆ ಮೊದಲು ಅರ್ಥವಾದದ್ದು ಇಲ್ಲಿ. ತಮ್ಮ ಊರನ್ನು ಸುಟ್ಟವನ ಮಾತನ್ನೂ ಬರೆದಿಟ್ಟುಕೊಂಡವರು ಅವರು.

ಟಿಕೆಟ್ ಕೊಡುವ ಜಾಗದ ಹತ್ತಿರವೇ 65 ಮೀಟರ್ ಉದ್ದದ ಮಣ್ಣಿನ ಕೋಟೆ ಗೋಡೆ ಕಾಣುತ್ತದೆ. ಅದು ಹಳೆಯದಲ್ಲ. ಜರ್ಮನ್ ಪುರಾತತ್ವ ಸಂಸ್ಥೆಯವರು 2003ರಿಂದ 2005ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಹಸಿ ಇಟ್ಟಿಗೆ ಮಾಡಿಸಿ ಹಿಟೈಟರ ರೀತಿಯಲ್ಲೇ ಕಟ್ಟಿಸಿದ್ದು. ಎಷ್ಟು ಜನ ಬೇಕು, ಎಷ್ಟು ಮಣ್ಣು, ಎಷ್ಟು ನೀರು ಬೇಕು ಎಂದು ತಿಳಿಯುವುದಕ್ಕೆ ಮಾಡಿದ ಪ್ರಯೋಗ. ಇಷ್ಟು ಕಟ್ಟುವುದಕ್ಕೇ ಮೂರು ವರ್ಷ ಹಿಡಿಯಿತು. ಮೂಲ ನಗರದ ಸುತ್ತಿನ ಕೋಟೆ ಆರು ಕಿಲೋಮೀಟರಿಗೂ ಹೆಚ್ಚು ಉದ್ದವಿತ್ತು. ಗುಡ್ಡ ಹತ್ತುವ ಮೊದಲು ಈ ಗೋಡೆಯನ್ನು ನೋಡಿಕೊಂಡರೆ ಮುಂದೆ ಕಾಣುವ ಬರೀ ಕಲ್ಲಿನ ಪಾಯಗಳ ಮೇಲೆ ಏನೇನು ನಿಂತಿತ್ತು ಎಂಬ ಅಂದಾಜು ಸಿಗುತ್ತದೆ. ಹತ್ತುಶದಲ್ಲಿ ನೆಲದ ಮೇಲೆ ಉಳಿದಿರುವುದು ಬಹುಪಾಲು ಪಾಯವೇ. ಮೇಲಿನ ಗೋಡೆಗಳೆಲ್ಲ ಮಣ್ಣು ಮತ್ತು ಮರ, ಸುಟ್ಟುಹೋದವು, ಕರಗಿಹೋದವು.

ಮಹಾದೇವಾಲಯದ ಪಾಯ ಮಾತ್ರ ನಿಂತು ನೋಡಬೇಕಾದ್ದು. ಸುಣ್ಣಕಲ್ಲಿನ ದೊಡ್ಡ ದೊಡ್ಡ ಬಂಡೆಗಳನ್ನು ಸಂದು ಕಾಣದಂತೆ ಜೋಡಿಸಿದ್ದಾರೆ. ಬಗ್ಗಿ ನೋಡಿದರೆ ಪ್ರತಿ ಬಂಡೆಯ ಮೇಲ್ಮೈಯಲ್ಲಿ ಹೆಬ್ಬೆರಳು ಇಳಿಯುವಷ್ಟು ಅಗಲದ, ನುಣ್ಣಗೆ ಕೊರೆದ ತೂತುಗಳಿವೆ. ಮೇಲಿನ ಮರದ ತೊಲೆಗಳನ್ನು ಕಲ್ಲಿಗೆ ಕೂರಿಸಲು ಗೂಟ ಹೊಡೆದ ತೂತುಗಳವು. ಮಳೆಯಾದರೆ ಒಂದೊಂದರಲ್ಲೂ ನೀರು ನಿಂತು ಹೊಳೆಯುತ್ತದೆ. ಕಬ್ಬಿಣದ ಉಳಿ ಬಳಕೆಗೆ ಬರುವ ಮುಂಚಿನ ಕಾಲ; ಕಂಚಿನ ಕೊಳವೆಗೆ ಮರಳು ಹಾಕಿ ತಿರುಗಿಸಿ ತಿರುಗಿಸಿ ಕೊರೆದದ್ದು. ದೇವಾಲಯದ ಸುತ್ತ ಉಗ್ರಾಣಗಳ ಸಾಲು. ಅಲ್ಲಿ ಆಳೆತ್ತರದ ಮಣ್ಣಿನ ವಾಡೆಗಳನ್ನು ನೆಲದಲ್ಲಿ ಹೂತಿಟ್ಟಿದ್ದರು. ಒಂದೊಂದು ವಾಡೆ ಸಾವಿರ ಲೀಟರಿಗೂ ಹೆಚ್ಚು ಹಿಡಿಯುವಂಥದು. ಧಾನ್ಯ, ಎಣ್ಣೆ, ದ್ರಾಕ್ಷಾರಸ ಎಲ್ಲವೂ ದೇವರ ಖಾತೆಗೆ ಬಂದು ಬೀಳುತ್ತಿದ್ದವು. ಒಂದು ಕೋಣೆಯಲ್ಲಿ ಹಸಿರು ಕಲ್ಲಿನ ದೊಡ್ಡ ಘನವೊಂದಿದೆ. ಊರಿನವರು ಅದನ್ನು ಮುಟ್ಟಿ ಹರಕೆ ಹೇಳಿಕೊಳ್ಳುತ್ತಾರೆ. ಅಷ್ಟು ಜನ ಮುಟ್ಟಿ ಮುಟ್ಟಿ ಕಲ್ಲಿನ ಮೇಲ್ಭಾಗ ಗಾಜಿನಂತೆ ನುಣುಪಾಗಿದೆ. ಯಾವ ಉದ್ದೇಶಕ್ಕೆ ಅದನ್ನು ಅಲ್ಲಿಟ್ಟರು ಎಂದು ಹತ್ತುಶದ ಬರಹಗಳು ಹೇಳುವುದಿಲ್ಲ.

ಅಲ್ಲಿಂದ ರಸ್ತೆ ಏರುತ್ತದೆ. ನಗರವನ್ನು ಸುತ್ತಿ ಬರುವ ಡಾಂಬರು ದಾರಿ ಸುಮಾರು ಆರು ಕಿಲೋಮೀಟರ್. ಬಹಳ ಜನ ಕಾರಿನಲ್ಲಿ ಸುತ್ತಿ ಒಂದೂವರೆ ಗಂಟೆಯಲ್ಲಿ ಮುಗಿಸುತ್ತಾರೆ. ನಡೆಯಲಾಗುವವರು ನಡೆದೇ ಹೋಗಬೇಕು ಎಂದು ನನ್ನ ಆಗ್ರಹ. ಕೆಳ ಊರಿನಿಂದ ಮೇಲಿನ ತುದಿಗೆ ಸುಮಾರು 300 ಮೀಟರ್ ಏರಿಕೆ ಇದೆ. ಹಿಟೈಟರು ನೆಲದ ಏರಿಳಿತವನ್ನೇ ಕೋಟೆಯಾಗಿ ಹೇಗೆ ಬಳಸಿಕೊಂಡರು ಎಂಬುದು ಕಾಲಿಗೆ ತಿಳಿದಷ್ಟು ಕಣ್ಣಿಗೆ ತಿಳಿಯುವುದಿಲ್ಲ.

ದಾರಿಯಲ್ಲಿ ಮೊದಲು ಸಿಂಹದ್ವಾರ. ಎರಡು ಬಂಡೆಗಳಿಂದ ಎರಡು ಸಿಂಹಗಳು ಎದೆ ಮುಂದೆ ಮಾಡಿ, ಬಾಯಿ ತೆರೆದು ಹೊರಬಂದು ನಿಂತಿವೆ. ಎದೆಯ ಮೇಲಿನ ರೋಮದ ಗೀರುಗಳು ಇನ್ನೂ ಸ್ಪಷ್ಟ. ಅದಾದ ಮೇಲೆ ನಗರದ ದಕ್ಷಿಣದ ತುತ್ತತುದಿಯಲ್ಲಿ ಯೆರ್‌ಕಪಿ. 250 ಮೀಟರ್ ಉದ್ದದ ಕೃತಕ ದಿಬ್ಬ, ಅದರ ಹೊರಮೈಗೆ ಕಲ್ಲು ಹಾಸಿದ್ದಾರೆ, ಅದರ ಅಡಿಯಲ್ಲಿ ಒಂದು ಸುರಂಗ. 71 ಮೀಟರ್ ಉದ್ದದ ಈ ಸುರಂಗದಲ್ಲಿ ತಲೆ ತಗ್ಗಿಸದೆ ನಡೆಯಬಹುದು. ಒರಟು ಕಲ್ಲುಗಳನ್ನು ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪವೇ ಒಳಕ್ಕೆ ಚಾಚುತ್ತ ಹೋಗಿ ಮೇಲೆ ಕೂಡಿಸಿದ್ದಾರೆ. 3,200 ವರ್ಷ ದಾಟಿದೆ, ಕುಸಿದಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ವಿದ್ವಾಂಸರು, ಪ್ರವಾಸಿಗರು ಈ ಸುರಂಗದಲ್ಲಿ ಓಡಾಡಿದ್ದಾರೆ. ಆದರೂ ಅದರ ಗೋಡೆಯ ಕಲ್ಲುಗಳ ಮೇಲೆ ಕೆಂಗಂದು ಬಣ್ಣದಲ್ಲಿ ಬರೆದ ಚಿತ್ರಲಿಪಿಯ ಗುರುತುಗಳು ಕಣ್ಣಿಗೆ ಬಿದ್ದದ್ದು 2022ರಲ್ಲಿ. ಒಂದೆರಡಲ್ಲ, ಇನ್ನೂರಕ್ಕೂ ಹೆಚ್ಚು.

ದಿಬ್ಬದ ನೆತ್ತಿಯಲ್ಲಿ ಸ್ಫಿಂಕ್ಸ್ ದ್ವಾರ. ಸ್ಫಿಂಕ್ಸ್ ಎಂದರೆ ಸಿಂಹದ ಮೈ, ಮನುಷ್ಯರ ಮುಖದ ಪ್ರಾಣಿ. ಇಲ್ಲಿದ್ದವುಗಳಲ್ಲಿ ಎರಡನ್ನು 20ನೇ ಶತಮಾನದ ಆರಂಭದಲ್ಲಿ ದುರಸ್ತಿಗೆಂದು ಜರ್ಮನಿಗೆ ಒಯ್ದರು. ಒಂದು 1924ರಲ್ಲಿ ಟರ್ಕಿಗೆ ವಾಪಸಾಯಿತು. ಇನ್ನೊಂದು ಬರ್ಲಿನ್ನಿನ ಪೆರ್ಗಮಾನ್ ವಸ್ತುಸಂಗ್ರಹಾಲಯದ ಗೋಡೆಯಲ್ಲೇ ಉಳಿಯಿತು. ಟರ್ಕಿ ದಶಕಗಟ್ಟಲೆ ಕೇಳಿತು. ಕೊನೆಗೆ ಮರಳಿ ಕೊಡದಿದ್ದರೆ ಹತ್ತುಶದಲ್ಲಿ ಜರ್ಮನ್ನರಿಗೆ ಉತ್ಖನನದ ಅನುಮತಿಯೇ ಇಲ್ಲ ಎಂದು ಎಚ್ಚರಿಸಿತು. 2011ರಲ್ಲಿ ಅದು ಮನೆಗೆ ಬಂತು. ಈಗ ಎರಡೂ ಬೊವಾಜ್‌ಕಲೆಯ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಜೊತೆಯಾಗಿ ನಿಂತಿವೆ. ಎತ್ತಿಕೊಂಡು ಹೋದದ್ದು ಊರಿನ ಸಂಗ್ರಹಾಲಯಕ್ಕೇ ಮರಳುವುದು ಅಪರೂಪ. ಅಂಕಾರಾಕ್ಕೋ ಇಸ್ತಾಂಬುಲ್‌ಗೋ ಹೋಗಿದ್ದರೆ ಜನ ಹೆಚ್ಚು ನೋಡುತ್ತಿದ್ದರು, ನಿಜ. ಆದರೂ ಈ ಎರಡು ಮುಖಗಳನ್ನು ಅವು ಕಾಯುತ್ತಿದ್ದ ಗುಡ್ಡದ ಬುಡದಲ್ಲೇ ನೋಡುವುದು ಸರಿಯಾದ ಕ್ರಮ.

ಹಿಟೈಟರ ನಿಜವಾದ ಆಸ್ತಿ ಕಲ್ಲಲ್ಲ, ಮಣ್ಣು. ಸುತ್ತು ಮುಗಿಯುವ ಹೊತ್ತಿಗೆ ಸಿಗುವ ಬ್ಯುಯುಕ್‌ಕಲೆ ಎಂಬ ಎತ್ತರದ ಬಂಡೆಯ ಮೇಲೆ ರಾಜರ ಅರಮನೆ ಇತ್ತು, ಅಲ್ಲೇ ದಫ್ತರಖಾನೆ. ಅಂಗೈಯಗಲದಿಂದ ಹಿಡಿದು ದೊಡ್ಡ ಪುಸ್ತಕದಷ್ಟಿರುವ ಜೇಡಿಮಣ್ಣಿನ ಫಲಕಗಳು. ಹಸಿಯಿರುವಾಗ ಕಡ್ಡಿಯ ತುದಿಯಿಂದ ಒತ್ತಿ ಬರೆದ ಬೆಣೆಲಿಪಿ. ಒಟ್ಟು ಸುಮಾರು 30,000 ಫಲಕಗಳು ಮತ್ತು ಚೂರುಗಳು ಹತ್ತುಶದಲ್ಲಿ ಸಿಕ್ಕಿವೆ. 2001ರಲ್ಲಿ ಯುನೆಸ್ಕೋ ಇವನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ನಗರವನ್ನು 1986ರಲ್ಲೇ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿಯಾಗಿತ್ತು.

1834ರಲ್ಲಿ ಫ್ರಾನ್ಸಿನ ಶಾರ್ಲ್ ಟೆಕ್ಸಿಯೆ ರೋಮನ್ನರ ಕಾಲದ ಬೇರೊಂದು ಊರನ್ನು ಹುಡುಕುತ್ತ ಇಲ್ಲಿಗೆ ಬಂದು, ಈ ಅವಶೇಷಗಳನ್ನು ಚಿತ್ರಿಸಿಕೊಂಡು ಹೋಗಿದ್ದ. ಇದು ಯಾರ ನಗರ ಎಂದು ಆಗ ಯಾರಿಗೂ ಹೇಳಲಾಗಲಿಲ್ಲ. ಹಿಟೈಟರ ಹೆಸರು ಬೈಬಲ್ಲಿನಲ್ಲಿ, ಈಜಿಪ್ಟಿನ ಗೋಡೆಗಳಲ್ಲಿ ಇತ್ತೇ ಹೊರತು ಅವರಿಗೊಂದು ರಾಜಧಾನಿ ಇತ್ತೆಂದು ತೋರಿಸುವ ಜಾಗ ಇರಲಿಲ್ಲ. 1906ರಲ್ಲಿ ಬರ್ಲಿನ್ನಿನ ಹ್ಯೂಗೊ ವಿಂಕ್ಲರ್ ಮತ್ತು ಇಸ್ತಾಂಬುಲ್ ವಸ್ತುಸಂಗ್ರಹಾಲಯದ ಥಿಯೊಡೋರ್ ಮಕ್ರಿದಿ ಅಗೆಯಲು ಶುರು ಮಾಡಿದರು. ಆಗಸ್ಟ್‌ನಲ್ಲಿ ಒಂದು ಫಲಕ ಕೈಗೆ ಬಂತು. ಅದು ಬ್ಯಾಬಿಲೋನಿನ ಅಕ್ಕಾಡಿಯನ್ ಭಾಷೆಯಲ್ಲಿದ್ದದ್ದರಿಂದ ವಿಂಕ್ಲರ್‌ಗೆ ಅಲ್ಲೇ ಓದಲು ಬಂತು. ಈಜಿಪ್ಟಿನ ಎರಡನೇ ರಾಮ್ಸೆಸ್ ಮತ್ತು ಹಿಟೈಟರ ಮೂರನೇ ಹತ್ತುಶಿಲಿಯ ನಡುವಿನ ಒಪ್ಪಂದದ ಮಾತು. ಅದೇ ಒಪ್ಪಂದವನ್ನು ಈಜಿಪ್ಟಿನ ಕರ್ನಾಕ್ ದೇವಾಲಯದ ಗೋಡೆಯಲ್ಲಿ ಅವನು ಅದಾಗಲೇ ಬಲ್ಲವನಾಗಿದ್ದ. ಒಂದು ತುದಿ ಅಲ್ಲಿ, ಇನ್ನೊಂದು ತುದಿ ಇಲ್ಲಿ. ಯಾರ ರಾಜಧಾನಿಯ ಮೇಲೆ ನಿಂತಿದ್ದೇನೆ ಎಂದು ಅವನಿಗೆ ಆ ಗಳಿಗೆಯಲ್ಲಿ ತಿಳಿಯಿತು.

ತಮ್ಮಿಬ್ಬರ ನಡುವೆ ನಡೆದಿದ್ದ ಕದೇಶ್ ಯುದ್ಧದ ಹಗೆ ಮರೆತು ಕ್ರಿ.ಪೂ. 1259ರಲ್ಲಿ ಆದ ಆ ಒಪ್ಪಂದ, ಎರಡು ಸಮಬಲದ ದೇಶಗಳು ಬರೆದುಕೊಂಡ ಶಾಂತಿಯ ಕರಾರುಗಳಲ್ಲಿ ಇಂದಿಗೆ ಉಳಿದಿರುವ ಅತಿ ಹಳೆಯವುಗಳಲ್ಲಿ ಒಂದು. ಒಬ್ಬರ ಮೇಲೆ ಒಬ್ಬರು ದಾಳಿ ಮಾಡಬಾರದು, ಮೂರನೆಯವನು ಬಂದರೆ ಸಹಾಯಕ್ಕೆ ಹೋಗಬೇಕು, ತಪ್ಪಿಸಿಕೊಂಡು ಬಂದವರನ್ನು ಮರಳಿ ಕಳಿಸಬೇಕು, ಹಾಗೆ ಕಳಿಸಿದವರ ಕಣ್ಣು ಕಿವಿ ತೆಗೆಯಬಾರದು, ಮನೆ ಹಾಳು ಮಾಡಬಾರದು ಎಂಬ ಷರತ್ತುಗಳೆಲ್ಲ ಅದರಲ್ಲಿವೆ. ಮೂಲವನ್ನು ಬೆಳ್ಳಿಯ ತಗಡಿನಲ್ಲಿ ಕೊರೆಸಿದ್ದರು. ಅದರ ಮೇಲೆ ಹಿಟೈಟ್ ರಾಜನ ಮುದ್ರೆಯ ಜೊತೆ ರಾಣಿ ಪುದುಹೇಪಳ ಮುದ್ರೆಯೂ ಇತ್ತು. ಬೆಳ್ಳಿ ಹೋಯಿತು, ಮಣ್ಣಿನ ನಕಲು ಉಳಿಯಿತು, ಅದೀಗ ಇಸ್ತಾಂಬುಲ್‌ನಲ್ಲಿದೆ. ಅದರ ದೊಡ್ಡ ಪ್ರತಿಯೊಂದನ್ನು ಟರ್ಕಿ 1970ರಲ್ಲಿ ವಿಶ್ವಸಂಸ್ಥೆಗೆ ಕೊಟ್ಟಿದೆ.

ಇಂದ್ರ, ವರುಣರು ಬರುವುದು ಇದಕ್ಕಿಂತ ಸುಮಾರು ನೂರು ವರ್ಷ ಹಿಂದಿನ ಇನ್ನೊಂದು ಒಪ್ಪಂದದಲ್ಲಿ. ಅದರ ಹಿಂದಿನ ಕಥೆ ನಮ್ಮ ಪಠ್ಯಗಳಲ್ಲಿ ಬಂದಿಲ್ಲ. ಬರಬೇಕಿತ್ತು.

ಇಂದಿನ ಸಿರಿಯಾದ ಉತ್ತರ ಭಾಗದಲ್ಲಿ ಮಿತ್ತನಿ ಎಂಬ ರಾಜ್ಯವಿತ್ತು. ಅದರ ರಾಜ ತುಷ್ರತ್ತ ಈಜಿಪ್ಟಿಗೆ ಮಗಳನ್ನು ಕೊಟ್ಟು ಬೀಗತನ ಬೆಳೆಸಿದವನು. ಅವನ ಕೊಲೆಯಾಯಿತು, ಮಗನೊಬ್ಬನೇ ಕೊಂದ ಎಂದು ಬರಹಗಳು ಹೇಳುತ್ತವೆ. ಸಿಂಹಾಸನ ಬೇರೆ ಶಾಖೆಯವರ ಪಾಲಾಯಿತು. ಇನ್ನೊಬ್ಬ ಮಗ ಶತ್ತಿವಾಜ ತಲೆ ಉಳಿಸಿಕೊಳ್ಳಲು ಮೊದಲು ಬ್ಯಾಬಿಲೋನಿಗೆ ಓಡಿದ. ಅಲ್ಲಿ ಇದ್ದಬದ್ದದ್ದನ್ನೂ ಕಳೆದುಕೊಂಡು, ಕೊನೆಗೆ ತನ್ನ ತಂದೆಯ ಶತ್ರುವಾಗಿದ್ದ ಹಿಟೈಟ್ ದೊರೆ ಸುಪ್ಪಿಲುಲಿಯುಮನ ಬಳಿಗೇ ಬಂದ. ಮಾರಸ್ಸಂತಿಯ ನದಿಯ ಹತ್ತಿರ ಅವನ ಕಾಲಿಗೆ ಬಿದ್ದೆ ಎಂದು ಶತ್ತಿವಾಜನ ಬಾಯಲ್ಲೇ ಒಪ್ಪಂದ ಹೇಳಿಸುತ್ತದೆ. ಜೊತೆಗಿದ್ದದ್ದು ಮೂರು ರಥ, ನಾಲ್ಕು ಜನ, ಉಟ್ಟ ಬಟ್ಟೆ, ಅಷ್ಟೇ. ಆ ನದಿಗೆ ಈಗ ಕಿಜಿಲ್‌ಇರ್ಮಾಕ್ ಎಂದು ಹೆಸರು. ಅಂಕಾರಾದಿಂದ ಸುಂಗುರ್ಲುಗೆ ಬರುವ ಬಸ್ಸು ಅದನ್ನು ದಾಟಿಯೇ ಬರುತ್ತದೆ.

ಸುಪ್ಪಿಲುಲಿಯುಮ ಅವನನ್ನು ಕೈಹಿಡಿದು ಎಬ್ಬಿಸಿದ, ರಥ ಕೊಟ್ಟ, ಬಟ್ಟೆ ಕೊಟ್ಟ, ಮಗಳನ್ನೂ ಕೊಟ್ಟ. ಸೈನ್ಯ ಕೊಟ್ಟು ಮಿತ್ತನಿಯ ಸಿಂಹಾಸನದಲ್ಲಿ ಕೂರಿಸಿದ. ಇದರಲ್ಲಿ ದಯೆಯ ಜೊತೆ ರಾಜಕೀಯ ಲೆಕ್ಕವೂ ಇತ್ತು. ಪೂರ್ವದಲ್ಲಿ ಏಳುತ್ತಿದ್ದ ಅಸಿರಿಯಾಕ್ಕೆ ಅಡ್ಡವಾಗಿ ಅವನಿಗೆ ಒಂದು ಕೈಗೊಂಬೆ ರಾಜ್ಯ ಬೇಕಿತ್ತು. ಆ ಮೇಲೆ ಕರಾರು ಬರೆದರು. ಆ ಕಾಲದ ಪದ್ಧತಿಯಂತೆ ಕೊನೆಯಲ್ಲಿ ಸಾಕ್ಷಿಗೆ ದೇವರುಗಳ ಪಟ್ಟಿ. ಮೊದಲು ಹಿಟೈಟರ ದೇವರುಗಳು, ನಂತರ ಮಿತ್ತನಿಯವರು. ಮಿತ್ತನಿಯವರ ಪಟ್ಟಿ ಶುರುವಾಗುವುದು ಹುರ್ರಿ ಜನರ ಸಿಡಿಲ ದೇವರು ತೆಷುಬ್‌ನಿಂದ. ಚಂದ್ರ, ಸೂರ್ಯ ಮುಂತಾದವರು ಬರುತ್ತಾರೆ. ಅವರ ಮಧ್ಯೆ ಮಿತ್ರ, ವರುಣ, ಇಂದ್ರ, ನಾಸತ್ಯ. ನಾಸತ್ಯರೆಂದರೆ ಅಶ್ವಿನಿ ದೇವತೆಗಳು. ಮಾತು ತಪ್ಪಿದರೆ ಇವರೆಲ್ಲ ನಿನ್ನನ್ನೂ ನಿನ್ನ ನಾಡನ್ನೂ ನಾಶ ಮಾಡಲಿ ಎಂಬ ಶಾಪ, ಉಳಿಸಿಕೊಂಡರೆ ಕಾಪಾಡಲಿ ಎಂಬ ಹರಕೆ. ಹಳಗನ್ನಡ ದಾನಶಾಸನಗಳ ಕೊನೆಯ ಸಾಲುಗಳನ್ನು ಬಲ್ಲವರಿಗೆ ಈ ಧಾಟಿ ಹೊಸದೆನಿಸುವುದಿಲ್ಲ.

ಈ ಫಲಕವನ್ನು ಹಿಡಿದು ಏನೇನೋ ಹೇಳುವವರಿದ್ದಾರೆ. ಟರ್ಕಿಯಲ್ಲಿ ವೈದಿಕ ಸಾಮ್ರಾಜ್ಯವಿತ್ತು, ಹಿಟೈಟರು ನಮ್ಮವರೇ ಎಂಬ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತವೆ. ಅದು ಸರಿಯಲ್ಲ. ಇಂದ್ರ ಹಿಟೈಟರ ದೇವರಲ್ಲ. ಮಿತ್ತನಿಯವನ ಕಡೆಯ ಸಾಕ್ಷಿ. ಮಿತ್ತನಿಯಲ್ಲಿಯೂ ಜನ ಆಡುತ್ತಿದ್ದದ್ದು ಹುರ್ರಿ ಭಾಷೆ. ಅದಕ್ಕೂ ಸಂಸ್ಕೃತಕ್ಕೂ ನಂಟಿಲ್ಲ. ಆದರೆ ಅಲ್ಲಿಯ ರಾಜಮನೆತನದ ಹೆಸರುಗಳಲ್ಲಿ, ಕುದುರೆ ಪಳಗಿಸುವವರ ಮಾತಿನಲ್ಲಿ ಸಂಸ್ಕೃತಕ್ಕೆ ತೀರ ಹತ್ತಿರದ ಒಂದು ಭಾಷೆಯ ಉಳಿಕೆ ಇತ್ತು. ಹತ್ತುಶದಲ್ಲೇ ಸಿಕ್ಕ ಇನ್ನೊಂದು ಬರಹ ಅದಕ್ಕೆ ಸಾಕ್ಷಿ. ಮಿತ್ತನಿಯ ಕಿಕ್ಕುಲಿ ಎಂಬ ಅಶ್ವತಜ್ಞ ರಥದ ಕುದುರೆಗಳನ್ನು ತಿಂಗಳುಗಟ್ಟಲೆ ಪಳಗಿಸುವ ದಿನಚರಿಯನ್ನು ಹಿಟೈಟ್ ಭಾಷೆಯಲ್ಲಿ ಬರೆಸಿದ್ದಾನೆ: ಇಂದು ಎಷ್ಟು ಓಟ, ಎಷ್ಟು ಹುಲ್ಲು, ಯಾವಾಗ ಸ್ನಾನ, ಯಾವಾಗ ಉಪವಾಸ. ಓಟದ ಸುತ್ತುಗಳ ಲೆಕ್ಕ ಬಂದಾಗ ಮಾತ್ರ ಐಕ, ತೇರ, ಪಂಜ, ಶತ್ತ, ನ ಎನ್ನುತ್ತಾನೆ. ಒಂದು, ಮೂರು, ಐದು, ಏಳು, ಒಂಬತ್ತು. ಭಾರತದಿಂದ ಅಷ್ಟು ದೂರದಲ್ಲಿ ಆ ಭಾಷೆಯ ಒಂದು ಕವಲು ಹೋಗಿ, ಬೇರೆ ಜನರಲ್ಲಿ ಬೆರೆತು, ದೇವರ ಹೆಸರು ಮತ್ತು ಕುದುರೆಯ ಲೆಕ್ಕದಲ್ಲಷ್ಟೇ ಉಳಿದುಕೊಂಡಿತ್ತು.

ಹಾಗೆಂದು ಈ ಫಲಕದ ತೂಕ ಕಡಿಮೆಯಾಗುವುದಿಲ್ಲ. ವೇದಗಳು ಬಾಯಿಂದ ಬಾಯಿಗೆ ಬಂದವು. ನಮ್ಮ ಕರ್ನಾಟಕದ ಅತಿ ಹಳೆಯ ಬರಹಗಳೆಂದರೆ ಬ್ರಹ್ಮಗಿರಿ, ಸಿದ್ದಾಪುರ, ಮಸ್ಕಿಯ ಬಂಡೆಗಳ ಮೇಲಿನ ಅಶೋಕನ ಶಾಸನಗಳು, ಕ್ರಿ.ಪೂ. 3ನೇ ಶತಮಾನದವು. ಅವಕ್ಕಿಂತ ಸಾವಿರ ವರ್ಷಕ್ಕೂ ಹಿಂದೆ ಇಂದ್ರನ ಹೆಸರು ಲಿಪಿಯಲ್ಲಿ ಮೂಡಿದ್ದು ಇಲ್ಲಿ. ನಮಗೆ ತಿಳಿದಂತೆ ಇದಕ್ಕಿಂತ ಹಳೆಯ ಬರಹದಲ್ಲಿ ಆ ಹೆಸರು ಇಲ್ಲ. ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಹೆಸರು ಯಾಕೆ ಉಳಿಯಿತು ಎಂಬುದು. ಗೆದ್ದ ರಾಜನೊಬ್ಬ ತನ್ನ ದೇವರ ಹೆಸರನ್ನು ಕಲ್ಲಿನಲ್ಲಿ ಕೊರೆಸಿದ್ದರಿಂದಲ್ಲ. ಮನೆ ಕಳೆದುಕೊಂಡು ಬಂದವನೊಬ್ಬ ಆಣೆ ಮಾಡಬೇಕಾಯಿತು. ಅವನಿಗೆ ನಂಬಿಕೆಯಿದ್ದ ದೇವರ ಮೇಲೆ ಆಣೆ ಮಾಡಿದರೆ ಮಾತ್ರ ಅದಕ್ಕೆ ಬೆಲೆ ಎಂದು ಹಿಟೈಟರು ಭಾವಿಸಿದರು. ಅವರ ಲಿಪಿಕಾರ ತನಗೆ ಪರಿಚಯವಿಲ್ಲದ ಆ ಹೆಸರುಗಳನ್ನು ಕೇಳಿಸಿಕೊಂಡು, ಒಂದೊಂದಾಗಿ ಮಣ್ಣಿನಲ್ಲಿ ಒತ್ತಿದ. ದಫ್ತರಖಾನೆಯಲ್ಲಿಟ್ಟು ಕಾಪಾಡಿದರು.

ಇದು ಅವರಿಗೆ ರೂಢಿ. ತಮ್ಮ ನಾಡಿಗೆ ಸಾವಿರ ದೇವರುಗಳು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಪಟ್ಟಿಯಲ್ಲಿ ಸುತ್ತಲಿನ ಎಲ್ಲ ಜನರ ದೇವರುಗಳಿದ್ದರು. ಅನ್ಯ ದೇವರಿಗೆ ಅವರ ಭಾಷೆಯಲ್ಲೇ ಮಂತ್ರ ಹೇಳಬೇಕೆಂದು ಆಯಾ ಭಾಷೆಯ ಮಂತ್ರಗಳನ್ನೂ ಬರೆದಿಟ್ಟರು. ಹೀಗಾಗಿಯೇ ಹತ್ತಿ, ಪಲಾ ಮುಂತಾದ ಸತ್ತುಹೋದ ಭಾಷೆಗಳು ನಮಗೆ ಇಷ್ಟಾದರೂ ದಕ್ಕಿವೆ. 2023ರಲ್ಲಿ ಇಲ್ಲಿನ ಒಂದು ಪೂಜಾವಿಧಿಯ ಫಲಕದಲ್ಲಿ, ಅದುವರೆಗೆ ಯಾರಿಗೂ ಗೊತ್ತಿಲ್ಲದ ಇನ್ನೊಂದು ಭಾಷೆಯೇ ಸಿಕ್ಕಿತು. ಕಲಶ್ಮ ಎಂಬ ನಾಡಿನ ಭಾಷೆ ಅದು.

ಆ ಸಾವಿರ ದೇವರಲ್ಲಿ ಕೆಲವರನ್ನು ಕಣ್ಣಾರೆ ಕಾಣಲು ಯಜಿಲಿಕಾಯಕ್ಕೆ ಹೋಗಬೇಕು. ಹತ್ತುಶದಿಂದ ಎರಡು ಕಿಲೋಮೀಟರ್. ಮೇಲೆ ಚಾವಣಿಯಿಲ್ಲದ, ಬಂಡೆಗಳೇ ಗೋಡೆಯಾದ ಎರಡು ಅಂಗಳಗಳು. ದೊಡ್ಡದರಲ್ಲಿ ಎಡಗಡೆಯ ಬಂಡೆಗಳ ಮೇಲೆ ಗಂಡು ದೇವರುಗಳ ಸಾಲು, ಬಲಗಡೆ ಹೆಣ್ಣು ದೇವರುಗಳ ಸಾಲು. ಎರಡೂ ನಡೆದುಬಂದು ನಡುವಿನ ಬಂಡೆಯಲ್ಲಿ ಸೇರುತ್ತವೆ. ಅಲ್ಲಿ ತೆಷುಬ್ ಬೆಟ್ಟದ ದೇವರುಗಳ ಹೆಗಲ ಮೇಲೆ ನಿಂತಿದ್ದಾನೆ. ಎದುರಿಗೆ ಅವನ ಮಡದಿ ಹೇಬತ್ ಚಿರತೆಯಂಥ ಪ್ರಾಣಿಯೊಂದರ ಮೇಲೆ. ಹಲವು ದೇವರುಗಳ ಕೈಯ ಮುಂದೆ ಅವರ ಹೆಸರು ಚಿತ್ರಲಿಪಿಯಲ್ಲಿದೆ. ಹಿಟೈಟ್ ರಾಜರ ಅತಿ ಪವಿತ್ರ ಸ್ಥಳವಿದು. ಆದರೆ ಆ ಹೆಸರುಗಳು ಹುರ್ರಿ ಜನರ ದೇವರುಗಳವು. ಹುರ್ರಿ ಪ್ರಭಾವದ ದಕ್ಷಿಣ ಸೀಮೆಯಿಂದ ಬಂದ ಅರ್ಚಕಿ ಪುದುಹೇಪ ರಾಣಿಯಾದ ಮೇಲೆ ತನ್ನ ತವರಿನ ದೇವರುಗಳಿಗೆ ಇಲ್ಲಿ ದೊಡ್ಡ ಸ್ಥಾನ ಸಿಗುವಂತೆ ಮಾಡಿದಳು. ಈಗ ಕಾಣುವ ರೂಪ ಬಹುಪಾಲು ಅವಳ ಮಗ ನಾಲ್ಕನೇ ತುಧಲಿಯನ ಕಾಲದ್ದು, ಕ್ರಿ.ಪೂ. 13ನೇ ಶತಮಾನದ್ದು. ಹೋಗುವುದಾದರೆ ನೆತ್ತಿಯ ಬಿಸಿಲು ಅಂಗಳಕ್ಕೆ ಬೀಳುವ ಮಧ್ಯಾಹ್ನದ ಆಸುಪಾಸು ಹೋಗಿ. ಸವೆದ ಗೆರೆಗಳು ಮೇಲಿನಿಂದ ಬಂಡೆಯನ್ನು ಸವರಿಕೊಂಡು ಬೀಳುವ ಬಿಸಿಲಿನಲ್ಲಿ ಮಾತ್ರ ಎದ್ದು ಕಾಣುತ್ತವೆ. ಬೆಳಿಗ್ಗೆ ಹೋದರೆ ಅರ್ಧ ದೇವರುಗಳು ನೆರಳಿನಲ್ಲಿರುತ್ತಾರೆ. ಚಿಕ್ಕ ಅಂಗಳಕ್ಕೆ ಇಕ್ಕಟ್ಟಾದ ಸಂದಿಯಲ್ಲಿ ನುಸುಳಬೇಕು. ಅಲ್ಲಿ ಬಹುಕಾಲ ಮಣ್ಣು ಮುಚ್ಚಿಕೊಂಡಿದ್ದರಿಂದ ಕೆತ್ತನೆ ಹೊಸದರಂತೆ ಉಳಿದಿದೆ. ಹನ್ನೆರಡು ದೇವರುಗಳು ಸಾಲಾಗಿ ಹೆಜ್ಜೆ ಹಾಕುತ್ತಿರುವ ಬಂಡೆ, ಅದರ ಎದುರಿಗೆ ಶರ್ರುಮ ದೇವರು ತುಧಲಿಯನ ಹೆಗಲು ಬಳಸಿ, ಅವನ ಕೈಮಣಿಕಟ್ಟು ಹಿಡಿದು ಕರೆದೊಯ್ಯುತ್ತಿರುವ ಚಿತ್ರ. ಇಷ್ಟು ಆಪ್ತವಾಗಿ ರಾಜನನ್ನು ಹಿಡಿದ ದೇವರನ್ನು ಆ ಕಾಲದ ಶಿಲ್ಪದಲ್ಲಿ ಬೇರೆಲ್ಲೂ ನಾನು ಕಂಡಿಲ್ಲ.

ಇನ್ನೊಂದು ಅರ್ಧ ದಿನ ಅಲಜಹ್ಯೂಕ್‌ಗೆ ಕೊಡಬೇಕು. ಬೊವಾಜ್‌ಕಲೆಯಿಂದ ಉತ್ತರಕ್ಕಿರುವ ಹಳ್ಳಿ. ಆಗಿನ ಅಧ್ಯಕ್ಷ ಅತಾತುರ್ಕ್ ಒತ್ತಾಸೆಯಿಂದ 1935ರಲ್ಲಿ ಟರ್ಕಿಯವರೇ ಇಲ್ಲಿ ಉತ್ಖನನ ಶುರು ಮಾಡಿದರು. ಹಿಟೈಟರಿಗಿಂತಲೂ ಸಾವಿರ ವರ್ಷ ಹಿಂದಿನ ರಾಜರ ಗೋರಿಗಳು, ಕಂಚಿನ ಜಿಂಕೆಗಳು, ಸೂರ್ಯಚಕ್ರಗಳು ಹೊರಬಂದವು. ಆದರೆ ಕರ್ನಾಟಕದವರ ಕಾಲು ನಿಲ್ಲುವುದು ಇಲ್ಲಿಯ ಸ್ಫಿಂಕ್ಸ್ ದ್ವಾರದಲ್ಲಿ. ಅದರ ಒಳಮೈಯಲ್ಲಿ ಎರಡು ತಲೆಯ ಹದ್ದು, ಎರಡೂ ಕಾಲುಗಳಲ್ಲಿ ಒಂದೊಂದು ಮೊಲ ಹಿಡಿದಿದೆ. ನಮ್ಮ ರಾಜ್ಯ ಲಾಂಛನದ ಗಂಡಭೇರುಂಡ ನೆನಪಾಗದೆ ಇರದು. ಬಳ್ಳಿಗಾವಿಯ ಭೇರುಂಡ ಸ್ತಂಭ ಕ್ರಿ.ಶ. 1047ರದ್ದು, ಇದು ಅದಕ್ಕಿಂತ ಎರಡು ಸಾವಿರ ವರ್ಷಕ್ಕೂ ಹಳೆಯದು. ನೇರ ಸಂಬಂಧ ಹೇಳಲು ಆಧಾರವಿಲ್ಲ. ನೋಡಿ ಸಂತೋಷಪಡಲು ಆಧಾರ ಬೇಕಾಗಿಲ್ಲ.

ಅಲಜಹ್ಯೂಕ್‌ನ ಹತ್ತಿರವೇ ಒಂದು ಕೆರೆಯಿದೆ, ಹೆಸರು ಗ್ಯೋಲ್‌ಪಿನಾರ್. ನಾಲ್ಕನೇ ತುಧಲಿಯ ಕಟ್ಟಿಸಿ ಹೇಬತ್ ದೇವಿಗೆ ಒಪ್ಪಿಸಿದ್ದು. ಹೂಳು ತೆಗೆದ ಮೇಲೆ ಅದರ ನೀರು ಈಗ ಮತ್ತೆ ಸುತ್ತಲಿನ ಹೊಲಗಳಿಗೆ ಹರಿಯುತ್ತ ಇದೆ. ಅದನ್ನು ಕಟ್ಟಿಸಿದ್ದಕ್ಕೆ ಕಾರಣ ಬರ. ಆ ದಶಕಗಳ ಪತ್ರಗಳಲ್ಲಿ ಧಾನ್ಯದ ಗೋಳು ಮತ್ತೆ ಮತ್ತೆ ಬರುತ್ತದೆ. ನಮ್ಮ ನಾಡಿನಲ್ಲಿ ಕಾಳಿಲ್ಲ ಎಂದು ಪುದುಹೇಪಳೇ ರಾಮ್ಸೆಸ್‌ಗೆ ಬರೆಸಿದ್ದಾಳೆ. ಅವನ ಮಗ ಮೆರ್ನೆಪ್ತಾ ಹಿಟೈಟರ ನಾಡು ಬದುಕಲೆಂದು ಹಡಗುಗಳಲ್ಲಿ ಧಾನ್ಯ ಕಳಿಸಿದ್ದಾಗಿ ಕೆತ್ತಿಸಿದ್ದಾನೆ. ಹತ್ತುಶದಲ್ಲಿ ನೆಲದೊಳಗೆ ಸಾವಿರಾರು ಟನ್ ಹಿಡಿಯುವ ಹಗೇವುಗಳಿದ್ದವು. ಅವೂ ಸಾಲಲಿಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, ಟರ್ಕಿಯ ಮಧ್ಯ ಅನತೋಲಿಯದ ಹಳೆಯ ಜುನಿಪರ್ ಮರದ ತೊಲೆಗಳ ಉಂಗುರಗಳನ್ನು ಪರಿಶೀಲಿಸಿ, ಕ್ರಿ.ಪೂ. 1198ರಿಂದ 1196ರವರೆಗೆ ಸತತ ಮೂರು ವರ್ಷ ಭೀಕರ ಬರ ಬಿದ್ದಿತ್ತು ಎಂದು ತೋರಿಸಿತು. ನಗರದ ಅಂತ್ಯವೂ ಸರಿಸುಮಾರು ಅದೇ ಕಾಲಕ್ಕೆ. ವೈರಿಗಳು ಬಂದು ಕೊಳ್ಳೆ ಹೊಡೆದು ಸುಟ್ಟರು ಎಂದು ಮೊದಲು ಅಂದುಕೊಂಡಿದ್ದರು. ಉತ್ಖನನ ನಡೆಸಿದ ಯೂರ್ಗೆನ್ ಜೇಹರ್ ಸುಟ್ಟ ಕಟ್ಟಡಗಳನ್ನು ಗಮನಿಸಿ ನೋಡಿದರು. ಒಳಗೆ ಬೆಲೆಬಾಳುವ ಸಾಮಾನು ಹೆಚ್ಚೇನೂ ಇರಲಿಲ್ಲ. ಬೆಂಕಿ ಬೀಳುವ ಮೊದಲೇ ಅರಮನೆಯವರು ಹೊತ್ತುಕೊಂಡು ಹೋಗಬಹುದಾದದ್ದನ್ನು ಹೊತ್ತುಕೊಂಡು ಊರು ಬಿಟ್ಟಿದ್ದರು. ಎಲ್ಲಿಗೆ ಹೋದರು ಎಂಬುದಕ್ಕೆ ಬರಹವಿಲ್ಲ. ಮಣ್ಣಿನ ಫಲಕಗಳನ್ನು ಬಿಟ್ಟುಹೋದರು.

ಇಸ್ತಾಂಬುಲ್ ನೋಡಿ, ಕಪಡೋಕಿಯಾದಲ್ಲಿ ಬಲೂನ್ ಹತ್ತಿ ವಾಪಸಾಗುವ ಪ್ರವಾಸ ನಮ್ಮಲ್ಲಿ ಈಗ ಸಾಮಾನ್ಯವಾಗಿದೆ. ಅಂಕಾರಾದಿಂದ ಕಪಡೋಕಿಯಾಕ್ಕೆ ರಸ್ತೆಯಲ್ಲಿ ಹೋಗುವವರಿಗೆ ಬೊವಾಜ್‌ಕಲೆ ತೀರ ಸುತ್ತಿನ ದಾರಿಯಲ್ಲ. ಅಂಕಾರಾದ ಅನತೋಲಿಯ ನಾಗರಿಕತೆಗಳ ವಸ್ತುಸಂಗ್ರಹಾಲಯವನ್ನು ಮೊದಲು ನೋಡಿ. ಹತ್ತುಶದ ಇನ್ನೊಂದು ಬಾಗಿಲಾದ ರಾಜದ್ವಾರದಲ್ಲಿದ್ದ ಯೋಧನ ಮೂಲ ಶಿಲ್ಪ, ಅಲಜಹ್ಯೂಕ್‌ನ ಸೂರ್ಯಚಕ್ರಗಳು, ಹತ್ತುಶದಲ್ಲೇ ಸಿಕ್ಕ ಬೇರೊಂದು ಒಪ್ಪಂದದ ಐದು ಕಿಲೋ ತೂಕದ ಕಂಚಿನ ಫಲಕ ಎಲ್ಲ ಅಲ್ಲಿವೆ. ಅವನ್ನು ಕಂಡು ಬಂದರೆ ಗುಡ್ಡದ ಮೇಲಿನ ಖಾಲಿ ಜಾಗಗಳು ತುಂಬಿಕೊಳ್ಳುತ್ತವೆ. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಜುಲೈ–ಆಗಸ್ಟ್‌ನಲ್ಲಿ ನೆರಳೇ ಇಲ್ಲದ ಬಿಸಿಲು. ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು. ಗಟ್ಟಿ ಅಟ್ಟೆಯ ಬೂಟು, ಟೋಪಿ, ನೀರು ಇರಲಿ. ಮೇಲಿನ ನಗರದಲ್ಲಿ ಅಂಗಡಿಯಿಲ್ಲ. ಚೋರುಮ್ ಪ್ರಾಂತ್ಯ ಲೆಬ್ಲೆಬಿಗೆ ಹೆಸರಾದದ್ದು. ನಮ್ಮ ಹುರಿಗಡಲೆಯೇ ಅದು, ಇನ್ನೂ ಗರಿಯಾಗಿ ಹುರಿದದ್ದು. ಒಂದು ಪೊಟ್ಟಣ ಜೇಬಿನಲ್ಲಿದ್ದರೆ ಗುಡ್ಡ ಸುತ್ತಲು ಸಾಕು. ಅಂಕಾರಾದಿಂದ ಬೆಳಿಗ್ಗೆ ಹೋಗಿ ಸಂಜೆ ಮರಳುವ ಟ್ಯಾಕ್ಸಿಗಳೂ ಇವೆ. ಆದರೆ ಹತ್ತುಶ, ಯಜಿಲಿಕಾಯ, ಅಲಜಹ್ಯೂಕ್ ಮೂರನ್ನೂ ಸರಿಯಾಗಿ ನೋಡಬೇಕೆಂದರೆ ಬೊವಾಜ್‌ಕಲೆಯಲ್ಲಿ ಕನಿಷ್ಠ ಎರಡು ರಾತ್ರಿ ಉಳಿಯಬೇಕು.